ಮೂರು ಬೆರಳಿನ ಮಡಿಕೆ

ಬೆಟ್ಟದವರು ಮೊದಲ ಸಲ ಬಟ್ಟೆ ಹೊಲಿಯಲು ಕೊಟ್ಟಾಗ ಎದೆಯ ಅಳತೆ ನಲವತ್ತು ಇತ್ತು. ಮಾರನೇ ವರ್ಷ ಮೂವತ್ತೆಂಟು. ಆಮೇಲೆ ಮೂವತ್ತನಾಲ್ಕು. ಈ ಸಲ ಬಂದ ಚೀಟಿಗಳಲ್ಲಿ ಇಪ್ಪತ್ತಾರು.

ಯುದ್ಧ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ನಮಗೆ ಪತ್ರಿಕೆ ಬೇಕಿರಲಿಲ್ಲ. ಟೇಪು ಸಾಕಿತ್ತು.

ಈ ಹೊಲಿಗೆ ಕಾರ್ಖಾನೆಯಲ್ಲಿ ನನ್ನದು ಇಸ್ತ್ರಿ ಕೆಲಸ. ಅದಕ್ಕೆ ಮುಂಚೆ ಹದಿನಾರು ವರ್ಷ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಸೇನೆ ಬಂದು ಅರ್ಧ ಶಾಲೆಯನ್ನು ಠಾಣೆ ಮಾಡಿಕೊಂಡಾಗ ಉಳಿದರ್ಧದಲ್ಲಿ ಪಾಠ ಮಾಡಿದೆ. ಸೇನೆ ಹೋಗಿ ಬೆಟ್ಟದವರು ಬಂದು ಇಡೀ ಶಾಲೆಯನ್ನೇ ಉಗ್ರಾಣ ಮಾಡಿಕೊಂಡಾಗ ಇಸ್ತ್ರಿ ಪೆಟ್ಟಿಗೆ ಹಿಡಿದೆ. ಸುಕ್ಕು ತೆಗೆಯುವುದೇ ಎರಡೂ ಕಡೆಯ ಕೆಲಸ. ಬಟ್ಟೆ ಎದುರು ಮಾತಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಸೀಮೆಯ ಕಥೆ ದೊಡ್ಡದೇನಲ್ಲ. ‘ನದಿಯವರು’ ಎಂಬ ಗುಂಪು ಸೇತುವೆಗೆ ಬಾಂಬಿಟ್ಟಿತು. ಬಸ್ಸಿನಲ್ಲಿದ್ದ ನಲವತ್ತೊಂದು ಜನ ನೀರು ಪಾಲಾದರು. ಬಾಂಬಿಟ್ಟವರನ್ನು ಹಿಡಿಯಲು ಸೇನೆ ಬಂತು. ನದಿಯವರು ಸಿಗಲಿಲ್ಲ, ನದಿಯಾಚೆಯ ಹಳ್ಳಿಗಳು ಸಿಕ್ಕವು. ಅವನ್ನೇ ಸುಟ್ಟಿತು. ಆ ಹಳ್ಳಿಗಳ ಪರವಾಗಿ ಸೇಡು ತೀರಿಸುತ್ತೇವೆ ಎಂದು ‘ಬೆಟ್ಟದವರು’ ಹುಟ್ಟಿಕೊಂಡರು. ಪೇಟೆಯಲ್ಲಿ ಬಾಂಬಿಟ್ಟರು. ಸತ್ತವರಲ್ಲಿ ಮುಕ್ಕಾಲು ಪಾಲು ಆ ಸುಟ್ಟ ಹಳ್ಳಿಗಳಿಂದ ಓಡಿಬಂದು ಪೇಟೆಯಲ್ಲಿ ಮೂಟೆ ಹೊರುತ್ತಿದ್ದವರು. ಗಡಿಯಾಚೆಯ ಸರ್ಕಾರವೊಂದು ಬೆಟ್ಟದವರಿಗೆ ಬಂದೂಕು ಕೊಟ್ಟಿತು, ಅದರ ಪಕ್ಕದ ಸರ್ಕಾರ ನದಿಯವರಿಗೆ ಕೊಟ್ಟಿತು. ಕಾರ್ಖಾನೆ ಮೂವರಿಗೂ ಹೊಲಿದಿದೆ. ಬಣ್ಣ ಬೇರೆ ಬೇರೆ. ಥಾನಿನ ಮೇಲಿನ ಗಿರಣಿಯ ಮುದ್ರೆ ಒಂದೇ.

ಹೊಲಿಯುವವರು ಹದಿನೆಂಟು ಹೆಂಗಸರು, ಎಲ್ಲರೂ ಸುಟ್ಟ ಹಳ್ಳಿಗಳವರು. ಊರಿನಲ್ಲಿ ಅವರನ್ನು ‘ಆಚೆಯವರು’ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಈಚೆಗೇ ಇದ್ದಾರೆ, ಹೆಸರು ಮಾತ್ರ ಇನ್ನೂ ನದಿ ದಾಟಿಲ್ಲ. ಕಾರ್ಖಾನೆಯ ಮುಂಬಾಗಿಲು ಯಜಮಾನನಿಗೆ, ಗಿರಾಕಿಗಳಿಗೆ, ಊರಿನವನಾದ ನನಗೆ. ಅವರಿಗೆ ಹಿಂಬಾಗಿಲು, ಚರಂಡಿಯ ಮೇಲೆ ಹಾಕಿದ ಹಲಗೆ ದಾಟಿ. ಹಲಗೆ ಕೊಳೆತು ಒಬ್ಬಳ ಕಾಲು ಮುರಿದಾಗ ಯಜಮಾನ ಮರುಗಿದ. ಹೊಸ ಹಲಗೆ ಹಾಕಿಸಿದ.

ಕತ್ತರಿ ಮೇಜು ದೊಡ್ಡಕ್ಕನದು. ಅರವತ್ತರ ಹತ್ತಿರ ವಯಸ್ಸು. ಹದಿನಾರು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸುತ್ತಾಳೆ. ಬಲಗೈ ಹೆಬ್ಬೆರಳು ಊದಿ, ಒಡೆದು, ಒಣಗಿ, ಮತ್ತೆ ಊದಿ ಈಗ ಮಡಚುವುದೇ ಇಲ್ಲ. ಬೆಟ್ಟದವರ ಒರಟು ಬಟ್ಟೆಯ ಹಸಿರು ಬಣ್ಣ ಬೆವರಿಗೆ ಬಿಡುತ್ತದೆ. ಹೆಂಗಸರ ಅಂಗೈ ಹಸಿರು, ಮೂಗಿನ ಹೊಳ್ಳೆ ಹಸಿರು, ಕೆಮ್ಮಿದರೆ ಕಫವೂ ಹಸಿರು. ದಿನಕ್ಕೆ ಎರಡು ಸಲ ಮಾತ್ರ ಮೂತ್ರಕ್ಕೆ ಏಳಬಹುದು. ಮೂರನೇ ಸಲ ಎದ್ದವಳನ್ನು ಯಜಮಾನ ಎಲ್ಲರ ಮುಂದೆ, "ಏನಮ್ಮ, ನದಿ ನೆನಪಾಯ್ತಾ?" ಎಂದು ಕೇಳುತ್ತಾನೆ. ಹಾಗಾಗಿ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ.

ಇಷ್ಟಾದರೂ ಈ ಕೆಲಸಕ್ಕೆ ಆಚೆಯವರ ಕೇರಿಯ ಹೆಂಗಸರು ಕಾಲು ಹಿಡಿದು ಬರುತ್ತಾರೆ. ಕಾರಣ ಒಂದು ಚೀಟಿ. ಬೆಟ್ಟದವರು ವರ್ಷಕ್ಕೊಮ್ಮೆ ಇಷ್ಟು ಗಂಡುಮಕ್ಕಳು ಬೇಕು ಎಂದು ಊರಿಗೆ ಹೇಳಿ ಕಳಿಸುತ್ತಾರೆ. ಊರಿನ ಹಿರಿಯರು ಕೂತು ಪಟ್ಟಿ ಮಾಡುತ್ತಾರೆ. ಬಹಳ ಶಿಸ್ತಿನಿಂದ ಮಾಡುತ್ತಾರೆ. ಆಚೆಯವರ ಕೇರಿಯಿಂದ ಶುರು ಮಾಡುತ್ತಾರೆ, ಅಲ್ಲಿಗೇ ಮುಗಿಯುತ್ತದೆ. ಬೆಟ್ಟದವರ ಬಟ್ಟೆ ಹೊಲಿಯುವ ಹದಿನೆಂಟು ಮನೆಗಳಿಗೆ ಮಾತ್ರ ವಿನಾಯಿತಿ. ಮೊಹರು ಒತ್ತಿದ ಆ ಚೀಟಿಯನ್ನು ಹೆಂಗಸರು ಮೈಮೇಲಿನ ಬಟ್ಟೆಯೊಳಗೆ ಹೊಲಿದುಕೊಂಡಿದ್ದಾರೆ. ಬೇರೆಯವರ ಮಕ್ಕಳಿಗೆ ಹೊಲಿದರೆ ತಮ್ಮ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ದೊಡ್ಡಕ್ಕನಿಗೆ ಉಳಿದಿರುವುದು ಮಗಳ ಮಗ ಒಬ್ಬನೇ. ಹನ್ನೊಂದು ವರ್ಷ. ಮಗಳು ಅಳಿಯ ಇಬ್ಬರೂ ಪೇಟೆಯ ಬಾಂಬಿಗೆ ಹೋದರು.

ಈ ವರ್ಷ ಹಿರಿಯರ ಪಟ್ಟಿಯಲ್ಲಿ ಹತ್ತು, ಹನ್ನೊಂದು, ಹನ್ನೆರಡು ವರ್ಷದವರಿದ್ದರು. ದೊಡ್ಡವರು ಮುಗಿದಿದ್ದರು. "ನೀರು ಹೊರೋದಕ್ಕೆ, ಸಣ್ಣಪುಟ್ಟ ಕೆಲಸಕ್ಕೆ. ಅಕ್ಷರಾನೂ ಕಲಿಸ್ತಾರಂತೆ," ಎಂದು ಹಿರಿಯರು ಹೇಳಿದರು. ಮಕ್ಕಳನ್ನು ಶಾಲೆಯ ಕಟ್ಟಡದಲ್ಲಿ ಕೂಡಿಹಾಕಿದರು.

ಸೋಮವಾರ ಅಳತೆಯ ಚೀಟಿಗಳು ಬಂದವು. ನೂರು ಚೀಟಿ. ಹೆಸರಿಲ್ಲ, ನಂಬರು.

"ಇದೇನು ಮೇಷ್ಟ್ರೇ, ಸ್ಕೂಲಿನ ಅಳತೆ ಇದ್ದ ಹಾಗಿದೆ?" ದೊಡ್ಡಕ್ಕ ಚೀಟಿಯನ್ನು ದೂರ ಹಿಡಿದು ನೋಡಿದಳು.

ಮೊದಲ ಮಿಷನ್ನಿನವಳಿಗೆ ಉತ್ತರ ಕೊಡಲು ಯಾರ ಅಪ್ಪಣೆಯೂ ಬೇಡ. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಾರೆ.

"ಹಾಗಾದ್ರೆ ಸ್ಕೂಲ್ ತೆರೀತಾರೆ ಅನ್ನು! ಮೇಷ್ಟ್ರೇ, ನಿಮ್ಮ ಬೆತ್ತ ಎಲ್ಲಿಟ್ಟಿದ್ದೀರೋ ಹುಡುಕಿಕೊಳ್ಳಿ."

"ಹಸಿರು ಯೂನಿಫಾರಂ ಏನೇ?" ಎಂದಳು ಇನ್ನೊಬ್ಬಳು.

"ಬೆಟ್ಟದವರ ಸ್ಕೂಲು, ಬೆಟ್ಟದ ಬಣ್ಣ. ನಿನಗೇನು ಗುಲಾಬಿ ಬೇಕಿತ್ತಾ?"

ಎಲ್ಲರೂ ನಕ್ಕರು. ನನಗೆ ಗೊತ್ತಿತ್ತು. ಹೇಳಲಿಲ್ಲ. ಗೊತ್ತಿದ್ದೂ ಬಾಯಿ ಬಿಡದವನನ್ನು ಊರಿನಲ್ಲಿ ವಿವೇಕಿ ಎನ್ನುತ್ತಾರೆ. ನನಗೆ ಆ ಹೆಸರು ಬಹಳ ಹಿಂದೆಯೇ ಬಂದಿತ್ತು.

ಅವರು ಹೊಲಿದರು. ಮಕ್ಕಳ ಬಟ್ಟೆಯನ್ನು ಹೇಗೆ ಹೊಲಿಯುತ್ತಾರೋ ಹಾಗೆ ಹೊಲಿದರು. ಹಿಂದೆ ಶಾಲೆಯ ಯೂನಿಫಾರಂಗಳನ್ನು ಹೊಲಿದ ಕೈಗಳು ಅವು. ಪ್ಯಾಂಟಿನ ಕಾಲಿನ ತುದಿಯಲ್ಲಿ ಮೂರು ಬೆರಳು ಅಗಲ ಬಟ್ಟೆಯನ್ನು ಒಳಗೆ ಮಡಿಸಿದರು. ತೋಳಿನಲ್ಲಿ ಎರಡು ಬೆರಳು. ಸೊಂಟದ ಹಿಂದೆ ಒಂದು. ಮಗು ಬೆಳೆದ ಹಾಗೆ ಬಿಚ್ಚಿ ಇಳಿಸಿಕೊಳ್ಳುವುದಕ್ಕೆ. ಹೀಗೆ ಮಾಡಿ ಎಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಅಳತೆ ನೋಡಿದ ಕೈ ತಾನೇ ಮಡಿಸಿತು.

ಬುಧವಾರ ಬೆಳಿಗ್ಗೆ ಉಗ್ರಾಣದವನು ಬಂದ. ಬೆಟ್ಟದವರ ಬಟ್ಟೆಬರೆ, ಬೂಟು, ಬುತ್ತಿ ಎಲ್ಲ ನೋಡಿಕೊಳ್ಳುವವನು. ಬೆಟ್ಟ ಹತ್ತಿದವನಲ್ಲ, ಹತ್ತಿದರೆ ಏದುಸಿರು ಬರುವ ಮೈ. ಬಿಳಿ ಅಂಗಿ, ಕನ್ನಡಕ. ಹಿಂದೆ ದೊಡ್ಡ ಬಟ್ಟೆ ಅಂಗಡಿಯಲ್ಲಿದ್ದನಂತೆ. ಅವನ ಬಾಯಿಂದ ಬೈಗುಳ ಬಂದದ್ದನ್ನು ಯಾರೂ ಕೇಳಿಲ್ಲ. ಅವನಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಹತ್ತು ಜೊತೆ ಮುಗಿದಿತ್ತು. ಉಳಿದ ತೊಂಬತ್ತು ತುಂಡುಗಳಾಗಿ ಮೇಜಿನ ಮೇಲಿತ್ತು. ಅವನು ಒಂದು ಪ್ಯಾಂಟನ್ನು ಒಳಮೇಲು ಮಾಡಿ, ಕಾಲಿನ ತುದಿಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದ.

"ಏನಮ್ಮ ಇದು, ದಪ್ಪ?"

"ಮಡಿಕೆ, ಸ್ವಾಮಿ," ಎಂದಳು ದೊಡ್ಡಕ್ಕ. "ಮಕ್ಕಳಲ್ವಾ, ಬೆಳೀತಾರೆ. ಆರು ತಿಂಗಳಿಗೆ ಗೇಣುದ್ದ ಕಣಕಾಲು ಕಾಣುತ್ತೆ."

ಅವನು ನಕ್ಕ. ಕೆಟ್ಟ ನಗುವೇನಲ್ಲ. ತಿಳಿಯದವರಿಗೆ ತಿಳಿಸಿ ಹೇಳುವವನ ನಗು.

"ಅಮ್ಮ, ಇವರಿಗೆ ಒಂದು ಜೊತೆ ಬಟ್ಟೆ ಸರಾಸರಿ ನಾಲ್ಕು ತಿಂಗಳು ಬರುತ್ತೆ. ಆಮೇಲೆ ಬಟ್ಟೆ ಬೇಕಾಗೋದಿಲ್ಲ. ಈ ಮಡಿಕೆ ಯಾವ ಕಾಲಕ್ಕೆ?"

ಮಿಷನ್ನುಗಳು ಒಂದೊಂದಾಗಿ ನಿಂತವು.

"ಎಲ್ಲದರದ್ದೂ ಬಿಚ್ಚಿ. ಹೆಚ್ಚಿಗೆ ಇರೋದನ್ನ ಕತ್ತರಿಸಿ. ಆ ಪಟ್ಟಿ ಬಟ್ಟೆ ಬಿಸಾಡಬೇಡಿ. ಅಂಗಿಯ ಎದೆ ಮೇಲೆ ತೋಟಾ ಸಿಗಿಸೋ ಕುಣಿಕೆ ಹೊಲೀರಿ, ಒಂದಕ್ಕೆ ಎಂಟು. ನಾಳೆ ಬೆಳಿಗ್ಗೆ ಬರ್ತೀನಿ. ಶುಕ್ರವಾರ ಹತ್ತು ಗಂಟೆಗೆ ಹುಡುಗರು ಹೊರಡ್ತಾರೆ."

"ನೀರು ಹೊರೋದಕ್ಕೆ ಅಂದ್ರಲ್ಲ ಹಿರಿಯರು?" ರೇಡಿಯೋ ಕೇಳಿದಳು. ಅವಳ ದನಿ ಅಷ್ಟು ಸಣ್ಣಗಿದ್ದುದನ್ನು ನಾನು ಮೊದಲು ಕೇಳಿರಲಿಲ್ಲ.

"ನೀರೂ ಹೊರ್ತಾರೆ," ಎಂದ.

"ನಾನು ಕತ್ತರಿಸಲ್ಲ," ಎಂದಳು ದೊಡ್ಡಕ್ಕ.

ಯಜಮಾನ ಒಳಗಿನಿಂದ ಓಡಿಬಂದ. "ಅವಳಿಗೆ ಹೆಬ್ಬೆರಳು ನೋವು ಸ್ವಾಮಿ, ಅದಕ್ಕೆ ಹಾಗಂತಾಳೆ, ಬೇರೆಯವರ ಕೈಲಿ..."

"ಹೆಬ್ಬೆರಳು ಚೆನ್ನಾಗಿದೆ. ನಾನು ಕತ್ತರಿಸಲ್ಲ."

ಉಗ್ರಾಣದವನು ಕನ್ನಡಕ ಒರೆಸಿಕೊಂಡ. "ಬಂದೂಕು ಹಿಡಿದು ಹೊಲಿಸಿದ ಬಟ್ಟೆ ಮೊದಲ ಮಳೆಗೇ ಬಿಚ್ಚಿಕೊಳ್ಳುತ್ತೆ, ನನಗೆ ಗೊತ್ತು. ಅದಕ್ಕೇ ಕೇಳಿಕೊಳ್ತಿದ್ದೀನಿ. ನಿಮ್ಮ ಮೊಮ್ಮಗನಿಗೆ ಹನ್ನೊಂದು, ಅಲ್ವಾ? ವಿನಾಯಿತಿ ಹೊಲಿಯೋರ ಮನೆಗೆ. ಹೊಲಿಯದವರ ಮನೆಗಲ್ಲ. ಹದಿನೆಂಟು ಜನಕ್ಕೂ ಸೇರಿಸಿ ಹೇಳ್ತಿದ್ದೀನಿ." ನಮಸ್ಕಾರ ಮಾಡಿ ಹೋದ.

ಅವನು ಹೋದದ್ದೇ ತಡ, ಯುದ್ಧ ಒಳಗೇ ಶುರುವಾಯಿತು.

"ನಿನಗೆ ಒಬ್ಬ ಮೊಮ್ಮಗ. ನನಗೆ ಮೂರು ಗಂಡು!" ರೇಡಿಯೋ ದೊಡ್ಡಕ್ಕನ ಮುಖಕ್ಕೆ ಕೈ ತಂದಳು. "ದೊಡ್ಡ ಮಾತಾಡೋಕೆ ನೀನು ಯಾರು? ನನ್ನ ಮಕ್ಕಳನ್ನ ಕೇಳಿದ್ಯಾ? ನನ್ನ ಕೇಳಿದ್ಯಾ?"

"ನಾನು ಕತ್ತರಿಸಲ್ಲ ಅಂದೆ. ನೀನು ಕತ್ತರಿಸಬೇಡ ಅಂದೆನಾ?" ದೊಡ್ಡಕ್ಕ ಕತ್ತರಿಯನ್ನು ಅವಳ ಕಡೆ ತಳ್ಳಿದಳು. "ತಗೋ."

ನಾನು ನಡುವೆ ಬಾಯಿ ಹಾಕಿದೆ. "ನೋಡಿ ದೊಡ್ಡಕ್ಕ, ಮಡಿಕೆ ಇದ್ದರೂ ಹೋಗ್ತಾರೆ, ಇಲ್ಲದಿದ್ದರೂ ಹೋಗ್ತಾರೆ. ಮೂರು ಬೆರಳು ಬಟ್ಟೆಯಿಂದ ಏನು ಬದಲಾಗುತ್ತೆ? ಇರೋರನ್ನ ಉಳಿಸಿಕೊಳ್ಳೋದು ಜಾಣತನ."

ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಮಗ ಎಲ್ಲಿದ್ದಾನೆ ಮೇಷ್ಟ್ರೇ?"

"ಮನೇಲಿ."

"ಪಟ್ಟಿಯಲ್ಲಿ ಯಾಕಿಲ್ಲ?"

ನಾನು ಇಸ್ತ್ರಿ ಪೆಟ್ಟಿಗೆಯ ಕೆಂಡ ಕೆದಕತೊಡಗಿದೆ.

ರೇಡಿಯೋ ಒಂದು ಪ್ಯಾಂಟು ಎತ್ತಿಕೊಂಡಳು. ಬ್ಲೇಡಿನಿಂದ ಬಲಗಾಲಿನ ಹೊಲಿಗೆ ಬಿಚ್ಚಿದಳು. ಮಡಿಕೆ ಕತ್ತರಿಸಿ ಬದಿಗಿಟ್ಟಳು. ಎಡಗಾಲಿಗೆ ಬಂದಾಗ ಅವಳ ಕೈ ನಿಂತಿತು.

"ಈ ಕಾಲು ಯಾಕೆ ಗಿಡ್ಡ? ತಪ್ಪಾಗಿ ಕತ್ತರಿಸಿದ್ದೀಯಾ ನೀನು."

"ತಪ್ಪಲ್ಲ," ಎಂದಳು ದೊಡ್ಡಕ್ಕ, ತಲೆ ಎತ್ತದೆ. "ಚೀಟಿಯಲ್ಲೇ ಹಾಗಿದೆ. ಅರ್ಧ ಇಂಚು ಕಮ್ಮಿ. ಮೂಲೆಮನೆ ಹಾಲಿನವಳ ಮಗ. ಹುಟ್ಟಿದಾಗಿನಿಂದ ಕುಂಟ್ತಾನಲ್ಲ."

ರೇಡಿಯೋಳ ನಡುವಿನ ಮಗು ಹುಟ್ಟಿದಾಗ ಅವಳಿಗೆ ಜ್ವರ ಬಂದು ಹಾಲು ಬತ್ತಿತ್ತು. ಆಗ ಆ ಮಗುವಿಗೂ ತನ್ನ ಮಗುವಿಗೂ ಒಟ್ಟಿಗೆ ಮೊಲೆಯೂಡಿದವಳು ಆ ಹಾಲಿನವಳು. ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ರೇಡಿಯೋ ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕತ್ತರಿಸಿದ ಪಟ್ಟಿಯನ್ನು ಎತ್ತಿಕೊಂಡು, ಬಲಗಾಲಿಗೆ ಇಟ್ಟು, ಸೂಜಿಯಲ್ಲಿ ತೇಪೆ ಹಾಕತೊಡಗಿದಳು. ಹೊಲಿಯುತ್ತಲೇ ದೊಡ್ಡಕ್ಕನನ್ನು ಬೈದಳು. ಅವಳ ಅಪ್ಪ, ಅಜ್ಜ, ಅವಳು ಹುಟ್ಟಿದ ಊರು, ಯಾವುದನ್ನೂ ಬಿಡಲಿಲ್ಲ. ದೊಡ್ಡಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ದಾರ ಬೇಕಾ?" ಎಂದು ಮಾತ್ರ ಕೇಳಿದಳು.

ಗುರುವಾರ ಬೆಳಿಗ್ಗೆ ಉಗ್ರಾಣದವನು ಬಂದಾಗ ಹತ್ತು ಜೊತೆ ಹಾಗೆಯೇ ಇತ್ತು. ತೊಂಬತ್ತು ತುಂಡುಗಳಾಗಿಯೇ ಇತ್ತು. ಹೆಂಗಸರು ಮಿಷನ್ನಿನ ಮುಂದೆ ಕೈ ಮಡಿಲಲ್ಲಿಟ್ಟು ಕೂತಿದ್ದರು.

"ಇದರ ಅರ್ಥ?" ಎಂದ.

ದೊಡ್ಡಕ್ಕ ಕೊರಳಿನ ಟೇಪು ತೆಗೆದು ಅವನ ಹತ್ತಿರ ಹೋದಳು. "ತೋಳೆತ್ತಿ."

ಬಟ್ಟೆ ಅಂಗಡಿಯಲ್ಲಿ ಬೆಳೆದವನು. ಟೇಪು ಕಂಡದ್ದೇ ಅವನ ತೋಳುಗಳು ಅವನನ್ನು ಕೇಳದೆ ಮೇಲೆದ್ದವು. ಅವಳು ಟೇಪನ್ನು ಸುತ್ತಿದಳು.

"ಎದೆ ನಲವತ್ತೆರಡು. ಬರಕೊಳ್ಳಿ ಮೇಷ್ಟ್ರೇ. ಹೊಟ್ಟೆ ನಲವತ್ತಾರು."

"ಇರೋ ಬಟ್ಟೆ ಸಾಲಲ್ಲ ದೊಡ್ಡಕ್ಕ, ಇನ್ನೊಂದು ಥಾನು ತರಿಸು," ಎಂದಳು ರೇಡಿಯೋ.

ನಗು ಹದಿನೆಂಟು ಬಾಯಿಂದಲೂ ಬಂತು. ಅಂಥ ನಗುವನ್ನು ನಾನು ಕೇಳಿರಲಿಲ್ಲ. ಅದರಲ್ಲಿ ಸಂತೋಷ ಒಂದು ಹನಿಯೂ ಇರಲಿಲ್ಲ.

"ಇವರಿಗೆ ಮಡಿಕೆ ಬೇಡ. ಇವರು ಬೆಳೆದು ಮುಗೀತು," ಎಂದಳು ದೊಡ್ಡಕ್ಕ. "ಸ್ವಾಮಿ, ನಿಮಗೆ ಹೊಲೀತೀನಿ. ನಿಮ್ಮ ನಾಯಕರಿಗೆ ಹೊಲೀತೀನಿ. ಪಟ್ಟಿ ಮಾಡಿದ ಹಿರಿಯರಿಗೂ ಹೊಲೀತೀನಿ, ಎದೆ ಮೇಲೆ ಎಂಟಲ್ಲ, ಹದಿನಾರು ಕುಣಿಕೆ ಇಡ್ತೀನಿ. ಕರ್ಕೊಂಡು ಬನ್ನಿ, ಅಳತೆ ತಗೋತೀನಿ. ನಾಳೆ ಹತ್ತು ಗಂಟೆಗೆ ನೀವೇ ಬೆಟ್ಟ ಹತ್ತಿ. ಈ ಇಪ್ಪತ್ತಾರಕ್ಕೆ ಮಾತ್ರ ನಾವು ಹೊಲಿಯಲ್ಲ."

ನಾನು ಬರೆದುಕೊಂಡೆ. ನಲವತ್ತೈದು ವರ್ಷದ ನನ್ನ ಬದುಕಿನಲ್ಲಿ ಮಾಡಿದ ಮೊದಲ ಪ್ರತಿಭಟನೆ, ಒಬ್ಬನ ಹೊಟ್ಟೆಯ ಸುತ್ತಳತೆ.

ಉಗ್ರಾಣದವನು ತೋಳಿಳಿಸಿದ. ಅವನ ಕಿವಿ ಕೆಂಪಾಗಿತ್ತು, ದನಿ ಬದಲಾಗಿರಲಿಲ್ಲ. ಮುಗಿದ ಹತ್ತು ಜೊತೆಯನ್ನು ಕಟ್ಟಿಸಿಕೊಂಡ. "ಬಟ್ಟೆ ಇಲ್ಲದಿದ್ದರೆ ಹೋಗೋದು ನಿಲ್ಲಲ್ಲ, ಅಮ್ಮ. ಮನೆ ಬಟ್ಟೆಯಲ್ಲೇ ಹೋಗ್ತಾರೆ. ನಿಮ್ಮವರೂ ಜೊತೆಗೆ."

ಮಧ್ಯಾಹ್ನದ ಹೊತ್ತಿಗೆ ಅವನ ಜನ ಹದಿನೆಂಟು ಮನೆಗೂ ಹೋದರು. ಹೆಂಗಸರು ಬಟ್ಟೆಯ ಹೊಲಿಗೆ ಬಿಚ್ಚಿ ಮೊಹರಿನ ಚೀಟಿ ತೋರಿಸಿದರು. ಅವರು ಅದನ್ನು ಇಸಿದುಕೊಂಡು ಹರಿದರು. ರೇಡಿಯೋಳ ಮೂವರನ್ನೂ ಕರೆದೊಯ್ದರು. ಕಿರಿಯವನಿಗೆ ಒಂಬತ್ತು. ದೊಡ್ಡಕ್ಕನ ಮೊಮ್ಮಗ ಹಾಸಿಗೆಯ ಅಡಿ ಬಚ್ಚಿಟ್ಟುಕೊಂಡಿದ್ದ. ಕಾಲು ಹಿಡಿದು ಎಳೆದರು. ಅವಳು ಅವರ ಹಿಂದೆ ಶಾಲೆಯ ಗೇಟಿನವರೆಗೂ ಓಡಿ ಬಿದ್ದಳು. ಯಾರೂ ಎತ್ತಲಿಲ್ಲ. ನಾನು ಎದುರು ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಳ್ಳುತ್ತಿದ್ದೆ. ನನ್ನ ಜೇಬಿನಲ್ಲಿ ಆಗಲೇ ಒಂದಿತ್ತು.

ಶುಕ್ರವಾರ ಹತ್ತು ಗಂಟೆಗೆ ಮಕ್ಕಳನ್ನು ಪೇಟೆ ಬೀದಿಯಲ್ಲಿ ಸಾಲಾಗಿ ನಡೆಸಿಕೊಂಡು ಬಂದರು. ಪ್ರತಿ ವರ್ಷವೂ ಹೀಗೆ ಹೊರಡುತ್ತಾರೆ. ಹಿರಿಯರು ಅಂಗಡಿಗಳ ಮುಂದೆ ಕುರ್ಚಿ ಹಾಕಿಸಿಕೊಂಡು ಕೈ ಮುಗಿಯುತ್ತಾರೆ. ಪ್ರತಿ ವರ್ಷ ಕಾಣುವುದು ಹಸಿರು ಮಾತ್ರ. ಒಂದೇ ಬಣ್ಣ, ಒಂದೇ ಟೋಪಿ, ಯಾರ ಮಗ ಎಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಈ ಸಲ ಮುಂದಿನ ಹತ್ತು ಜನ ಮಾತ್ರ ಹಸಿರಿನಲ್ಲಿದ್ದರು. ಅವರ ಪ್ಯಾಂಟಿನ ಮಡಿಕೆಗಳನ್ನು ಚಾಕುವಿನಿಂದ ಕಿತ್ತಿದ್ದರು, ನೂಲು ನೇತಾಡುತ್ತಿತ್ತು. ಅವರ ಹಿಂದೆ ಬಂದದ್ದು ಕೆಂಪು ಚೌಕಳಿ ಅಂಗಿ. ಅದರ ಹಿಂದೆ ಮೊಣಕೈ ಹರಿದ ಸ್ವೆಟರು. ಅಕ್ಕನ ಹಳೇ ಗೌನನ್ನು ಕತ್ತರಿಸಿ ಮಾಡಿದ ಹೂವಿನ ಅಂಗಿ. ಒಬ್ಬನ ಚಡ್ಡಿಗೆ ಗುಂಡಿಯಿಲ್ಲದೆ ಪಿನ್ನು. ಒಬ್ಬನ ಕಾಲಿನಲ್ಲಿ ಅಮ್ಮನ ಚಪ್ಪಲಿ. ಎಲ್ಲರ ಹೆಗಲಲ್ಲೂ ಬಂದೂಕು, ನಡೆಯುವಾಗ ಹಿಡಿ ಮೊಣಕಾಲಿಗೆ ಬಡಿಯುತ್ತಿತ್ತು.

ಕೈ ಮುಗಿಯಲು ಎದ್ದಿದ್ದ ಹಿರಿಯನೊಬ್ಬ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋದ. ಇನ್ನೊಬ್ಬ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿದ.

ಕಾರ್ಖಾನೆಯ ಮುಂಬಾಗಿಲಿನಿಂದ ದೊಡ್ಡಕ್ಕ ಹೊರಗೆ ಬಂದಳು. ಹನ್ನೊಂದು ವರ್ಷದಲ್ಲಿ ಆ ಬಾಗಿಲಿನಿಂದ ಅವಳು ಹೊರಬಂದದ್ದು ಅದೇ ಮೊದಲು. ಯಜಮಾನ "ಏಯ್" ಎಂದ. ಅವಳು ಸಾಲಿನೊಳಗೆ ಹೋಗಿ ಮೊಮ್ಮಗನ ಹೆಗಲಿನ ಬಂದೂಕನ್ನು ತೆಗೆದು ನೆಲದ ಮೇಲಿಟ್ಟಳು. ಸೌದೆ ಇಡುವಂತೆ ಇಟ್ಟಳು. ಆಮೇಲೆ ಬೀದಿಯ ನಡುವೆ ಕೂತು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಬೀದಿ ಕಿರಿದು. ಹಿಂದಿನ ಸಾಲೆಲ್ಲ ನಿಂತಿತು.

"ಅಜ್ಜಿ, ಏಳು," ಎಂದ ಪಹರೆಯವನು. ಅವನಿಗೂ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. "ಏಳಜ್ಜಿ, ನನಗೆ ಬೈತಾರೆ."

"ಕಾ‌ಲು ನೋವು ಕಣಪ್ಪ. ನೀನೂ ಕೂತ್ಕೋ."

ಹಿಂದಿನಿಂದ ಉಗ್ರಾಣದವನ ದನಿ ಕೇಳಿತು. ಮೊದಲ ಸಲ ಅದು ಏರಿತ್ತು. "ಎಳೆದುಹಾಕ್ರೋ ಆ ಮುದುಕೀನ!"

ಅಷ್ಟರಲ್ಲಿ ರೇಡಿಯೋ ಬಂದು ಕೂತಿದ್ದಳು, ಮೂವರನ್ನೂ ಎಳೆದುಕೊಂಡು. ಹಾಲಿನವಳು ಓಡಿಬಂದು, ಹಸಿರಿನವರಲ್ಲಿ ಹಿಂದೆ ಬಿದ್ದಿದ್ದ ಕುಂಟುವ ಮಗನನ್ನು ಬಾಚಿಕೊಂಡಳು. ಕೇರಿಯಿಂದ ಬಂದವರು ಒಬ್ಬೊಬ್ಬರಾಗಿ ಕೂತರು. ತಮ್ಮ ಮಗ ಕೈಗೆ ಸಿಗದವರು ಸಿಕ್ಕ ಮಗುವನ್ನು ಎಳೆದುಕೊಂಡರು. ಯಾರೂ ಘೋಷಣೆ ಕೂಗಲಿಲ್ಲ. ಕೇಳುತ್ತಿದ್ದದ್ದು ಒಂದೊಂದಾಗಿ ಬಂದೂಕುಗಳನ್ನು ಕಲ್ಲಿನ ಮೇಲಿಡುವ ಸದ್ದು. ಹಸಿರಿನ ಉಳಿದ ಒಂಬತ್ತು ಜನರನ್ನು ಪಹರೆಯವರು ಓಡಿಸಿಕೊಂಡು ಹೋದರು. ಅವರಲ್ಲಿ ಇಬ್ಬರು ತಿರುಗಿ ತಿರುಗಿ ನೋಡುತ್ತಿದ್ದರು.

ನಾನು ಕಾರ್ಖಾನೆಯ ಮೆಟ್ಟಿಲಿನ ಮೇಲೆ ನಿಂತಿದ್ದೆ. ಸಾಲಿನ ತುದಿಯಲ್ಲಿ ಒಬ್ಬ ಹುಡುಗ ಒಂಟಿಯಾಗಿ ಉಳಿದಿದ್ದ. ಅವನಿಗೆಂದು ಯಾರೂ ಬಂದಿರಲಿಲ್ಲ. ಬಂದೂಕು ಕೆಳಗಿಟ್ಟು ಸುತ್ತ ನೋಡಿದ, ನನ್ನನ್ನು ಕಂಡ. ಎರಡನೇ ತರಗತಿಯಲ್ಲಿ ನನ್ನ ಹತ್ತಿರ ಅಕ್ಷರ ಕಲಿತವನು.

"ಸಾರ್," ಎಂದ, "ನಾನು ಎಲ್ಲಿ ಕೂತ್ಕೊಳ್ಳಲಿ?"

ಶಾಲೆಯಲ್ಲಿ ಅವನನ್ನು, ಆಚೆಯವರ ಮಕ್ಕಳನ್ನೆಲ್ಲ, ನಾನು ಹಿಂದೆ ನೆಲದ ಮೇಲೆ ಕೂರಿಸುತ್ತಿದ್ದೆ. ಬೆಂಚು ಸಾಲುವುದಿಲ್ಲ ಎನ್ನುತ್ತಿದ್ದೆ. ಬೆಂಚುಗಳಿದ್ದವು.

ಹಿಂದೆ ಯಾರೋ ಬಂದೂಕಿನ ಕೀಲು ಎಳೆದ ಸದ್ದಾಯಿತು. ನಾನು ಮೆಟ್ಟಿಲಿಳಿದೆ. ಬಿಸಿಲಿಗೆ ಕಲ್ಲು ಕಾದಿತ್ತು. ಕೂತೆ.

"ಇಲ್ಲಿ," ಎಂದೆ. "ನನ್ನ ಪಕ್ಕ ಬಾ."